ನಿಮ್ಮ ದೇಶದಲ್ಲಿ ಲಭ್ಯವಿಲ್ಲ

ಎರಡೂ ಒಂದೇ ಪುಸ್ತಕ. ಒಂದರಲ್ಲಿ ಕೊಲೆಗಾರ ನಮ್ಮ ಸೀಬೆಯಣ್ಣ. ಇನ್ನೊಂದರಲ್ಲಿ ಅಲ್ಲ.

ಕೆಟಲ್ ಚಿಕ್ಕಮ್ಮನ ಅಡುಗೆಮನೆಯ ಮೇಜಿನ ಮೇಲೆ ಎರಡು ಟ್ಯಾಬ್ಲೆಟ್ ಪಕ್ಕಪಕ್ಕ ಇಟ್ಟುಕೊಂಡು, ಸಾಲು ಸಾಲಿಗೂ ಬೆರಳಿಟ್ಟು ಓದುತ್ತಿದ್ದೆ. ಎಡಗಡೆಯದು ನನ್ನದು. ಬಲಗಡೆಯದು ಚಿಕ್ಕಮ್ಮನದು, ಮೂಲೆ ಒಡೆದು ಪ್ಲಾಸ್ಟರ್ ಅಂಟಿಸಿದ್ದು. ಚಿಕ್ಕಮ್ಮ ಎದುರಿಗೆ ಕೂತು ಬಾಳೆಕಾಯಿ ತುರಿಯುತ್ತಿದ್ದಳು.

"ಜೋರಾಗಿ ಓದೇ ಮೂಗು. ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀಯ?"

ಆಸ್ಟ್ರೇಲಿಯಾದಾಚೆ ಕಡಲ ನಡುವೆ ಕೂತ ನಮ್ಮ ನಾರ್ಫೋಕ್ ದ್ವೀಪದಲ್ಲಿ ಮನೆತನದ ಹೆಸರುಗಳು ಬೆರಳೆಣಿಕೆಯಷ್ಟು. ಹಾಗಾಗಿ ಫೋನ್ ಡೈರೆಕ್ಟರಿಯಲ್ಲೂ ಅಡ್ಡಹೆಸರೇ ಅಚ್ಚಾಗುತ್ತದೆ. ಸದಾ ಕುದಿಯುವವಳು ಕೆಟಲ್. ಚಿಕ್ಕಂದಿನಲ್ಲಿ ಸೀಬೆಮರದಿಂದ ಕೆಳಗಿಳಿಯದೇ ಇರುತ್ತಿದ್ದ ಅವಳ ಮಗ ಸೀಬೆ. ಕಂಡವರ ವಿಷಯಕ್ಕೆಲ್ಲ ತೂರಿಸುವ ನಾನು ಮೂಗು. ಬೇಜಾರೇನಿಲ್ಲ, ಊರವರ ಕಳುವು, ತಕರಾರು ಪತ್ತೆ ಮಾಡಿಕೊಟ್ಟು ಆ ಮೂಗಿನಿಂದಲೇ ಅನ್ನ ತಿನ್ನುತ್ತಿದ್ದೇನೆ.

ಲೇಖಕಿ ವೆರೀನಾ ಹಾಲ್ಕೆಟ್ ಹೆಡ್‌ಸ್ಟೋನ್ ಬಂಡೆಯ ತುದಿಯಿಂದ ಕಾಣೆಯಾಗಿ ಒಂದು ಚಳಿಗಾಲ ಕಳೆದಿತ್ತು. ಹೆಣವೂ ಸಿಗಲಿಲ್ಲ, ಅವಳ ಹಳದಿ ರೇನ್‌ಕೋಟೂ ಸಿಗಲಿಲ್ಲ. ಅಲೆ ಎಳೆದುಕೊಂಡು ಹೋಯಿತು ಎಂದು ಊರು ಕೈ ತೊಳೆದುಕೊಂಡಿತ್ತು. ಈಗ ಇದ್ದಕ್ಕಿದ್ದಂತೆ ಅವಳ ಕೊನೆಯ ಕಾದಂಬರಿ ಇ-ಪುಸ್ತಕವಾಗಿ ಮಾರಾಟಕ್ಕೆ ಬಂದಿದೆ, ಇಡೀ ಭೂಮಂಡಲದಲ್ಲಿ ನಮ್ಮ ದ್ವೀಪದಲ್ಲಿ ಮಾತ್ರ. ಅದರಲ್ಲಿ ಒಬ್ಬ ಲೇಖಕಿಯನ್ನು ಬಂಡೆಯಿಂದ ತಳ್ಳುತ್ತಾರೆ. ಅದನ್ನು ಓದಿ ಸಾರ್ಜೆಂಟ್ ಮೊಲಾರಿ, ಸೀಬೆಯಣ್ಣನನ್ನು ನಾಳೆಯ ವಿಮಾನದಲ್ಲಿ ಸಿಡ್ನಿಗೆ ವಿಚಾರಣೆಗೆ ಕರೆದೊಯ್ಯುತ್ತೇನೆ ಎಂದು ಹೇಳಿ ಹೋಗಿದ್ದ.

ನನಗಿದ್ದದ್ದು ಇವತ್ತಿನ ಸಂಜೆಯೊಂದೇ.

"ಕೇಳು ಚಿಕ್ಕಮ್ಮ, ಇದು ನನ್ನದರಲ್ಲಿರೋದು," ಎಂದು ಎಡಗಡೆಯದನ್ನು ಓದಿದೆ. "'ಬಂಡೆಯ ಕಡೆಯಿಂದ ಬಂದ ಹಸಿರು ಟ್ರಕ್ಕು ತಿರುವಿನಲ್ಲಿ ಮುದುಕಿಯನ್ನು ದಾಟಿತು. ಚಾಲಕ ಕೈ ಬೀಸದೆ ಹೋದ.'"

ಹಸಿರು ಟ್ರಕ್ಕು ಊರಿಗೆಲ್ಲ ಒಂದೇ. ಅದು ಸೀಬೆಯಣ್ಣನದು.

ಚಿಕ್ಕಮ್ಮನ ಮುಖ ಕೆಂಪೇರಿತು. "ಕೊಲೆ ಮಾಡ್ದ ಅಂತ ಬರ್ಕೊಂಡ್ರೆ ಬರ್ಕೊಳ್ಲಿ. ದಾರೀಲಿ ಸಿಕ್ಕೋರಿಗೆ ಕೈ ಬೀಸ್ಲಿಲ್ಲ ಅಂತ ಬರೆಯೋದಾ? ನನ್ನ ಮಗ? ಯಾವಳ ಹೊಟ್ಟೇಲಿ ಹುಟ್ಟಿದಾನೆ ಅನ್ಕೊಂಡಿದ್ದಾರೆ ಇವ್ರು?"

ನನಗೆ ನಗು ಬಂತು, ನಗುವ ಹೊತ್ತಲ್ಲದಿದ್ದರೂ. ಆದರೆ ಅವಳ ಮಾತಿನಲ್ಲಿ ತೂಕವಿತ್ತು. ನಮ್ಮಲ್ಲಿ ಎದುರಿಗೆ ಗಾಡಿ ಬಂದರೆ ಸ್ಟಿಯರಿಂಗಿನ ಮೇಲಿನ ಬೆರಳು ತಾನಾಗಿ ಮೇಲೇಳುತ್ತದೆ. ಜಗಳ ಆಡಿದವರಿಗೂ, ಕೋರ್ಟಿಗೆ ಎಳೆದವರಿಗೂ ಏಳುತ್ತದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಹತ್ತೊಂಬತ್ತು ವರ್ಷ ಇಲ್ಲಿದ್ದ ವೆರೀನಾಗೂ ಆ ಬೆರಳಿನ ಲೆಕ್ಕ ಹತ್ತಲಿಲ್ಲ. ಅಂಗೈ ಪೂರ್ತಿ ಬಿಡಿಸಿ ಆ ಕಡೆ ಈ ಕಡೆ ಆಡಿಸುತ್ತಿದ್ದಳು. "ನೋಡ್ರೋ, ವೆರೀನಾ ಗಾಜು ಒರೆಸ್ತಾ ಇದ್ದಾಳೆ," ಎಂದು ಮಕ್ಕಳೂ ಅಣಕಿಸುತ್ತಿದ್ದವು.

"ಈಗ ನಿನ್ನದರಲ್ಲಿರೋದು ಕೇಳು."

ಚಿಕ್ಕಮ್ಮ ಆ ಪುಸ್ತಕವನ್ನು ಮಾರಾಟದ ಮೊದಲ ದಿನವೇ ಅಂಚೆಕಚೇರಿಯ ವೈಫೈನಲ್ಲಿ ಇಳಿಸಿಕೊಂಡಿದ್ದಳು. ಅಕ್ಷರ ಸಣ್ಣ ಎಂದು ಬೈದು ಬದಿಗಿಟ್ಟಿದ್ದಳು. ಆಮೇಲೆ ನೆಟ್ ಹಾಕಿರಲೇ ಇಲ್ಲ. ಆಕಾಶದಿಂದ ಪುಕ್ಕಟೆ ಬರಬೇಕಾದ್ದಕ್ಕೆ ಬಾಡಿಗೆ ಯಾಕೆ ಕೊಡಲಿ ಎಂಬುದು ಅವಳ ವಾದ. ಆ ಜಿಪುಣತನವೇ ಇವತ್ತು ದೇವರಾಗಿ ಬಂದಿತ್ತು.

ಇ-ಪುಸ್ತಕ ಕಾಗದದ ಪುಸ್ತಕದ ಹಾಗಲ್ಲ. ಪ್ರಕಟಿಸಿದವರು ಅಂಗಡಿಯಲ್ಲಿರುವ ಪ್ರತಿಯನ್ನು ಬದಲಿಸಿದರೆ, ಕೊಂಡವರ ಕೈಯಲ್ಲಿರುವುದೂ ನೆಟ್ ಸಿಕ್ಕ ಕೂಡಲೇ ಸದ್ದಿಲ್ಲದೆ ಬದಲಾಗುತ್ತದೆ. ರಾತ್ರಿ ಓದಿ ದಿಂಬಿನ ಪಕ್ಕ ಇಟ್ಟದ್ದು ಬೆಳಿಗ್ಗೆ ಬೇರೆ ಏನನ್ನೋ ಹೇಳುತ್ತಿರುತ್ತದೆ. ಊರಿನಲ್ಲಿ ಎಲ್ಲರ ಪ್ರತಿಯೂ ಬದಲಾಗಿತ್ತು, ಇದೊಂದನ್ನು ಬಿಟ್ಟು.

"'ಬಂಡೆಯ ಕಡೆಯಿಂದ ಬಂದ ಬಿಳಿ ಬಾಡಿಗೆ ಕಾರು ತಿರುವಿನಲ್ಲಿ ಮುದುಕಿಯನ್ನು ದಾಟಿತು. ಚಾಲಕ ಕೈ ಬೀಸದೆ ಹೋದ.'"

ತುರಿಯುವ ಸದ್ದು ನಿಂತಿತು.

ಮುಂದಿನ ಸಾಲು ಎರಡರಲ್ಲೂ ಇತ್ತು. ಕಥೆಗೆ ಹಾಕಿದ ಒಗ್ಗರಣೆ ಎಂದುಕೊಂಡಿದ್ದೆ. ಅದನ್ನೂ ಓದಿದೆ. "'ಮುದುಕಿ ಕೋಟಿನೊಳಗೆ ಬಚ್ಚಿಟ್ಟಿದ್ದ ತಾಳೆಬೀಜದ ಚೀಲವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡಳು.'"

ಚಿಕ್ಕಮ್ಮನ ಕೈಯಿಂದ ಬಾಳೆಕಾಯಿ ಜಾರಿ ಬಟ್ಟಲಿಗೆ ಬಿತ್ತು.

"ಅಯ್ಯೋ ದೇವ್ರೇ," ಎಂದಳು. "ಆ ಚೀಲ ನಂದು ಕಣೇ."

"ಏನಂದೆ?"

"ವೆರೀನಾ ತೋಟದ ತಾಳೆಬೀಜ. ಹೊರದೇಶದೋರು ಒಳ್ಳೇ ಬೆಲೆ ಕೊಡ್ತಾರೆ. ಉದುರಿದ್ದನ್ನ ಆರಿಸ್ಕೊಂಡೆ. ಉದುರಿದ್ದು ಆರಿಸಿದ್ರೆ ಕಳ್ಳತನ ಅಲ್ಲ."

"ಮತ್ತೆ ಕೋಟೊಳಗೆ ಯಾಕೆ ಇಟ್ಕೊಂಡೆ?"

"ಬೀಜಕ್ಕೆ ಚಳಿ ಆಗ್ತಿತ್ತು. ನಿನಗೇನೇ?"

"ಚಿಕ್ಕಮ್ಮ, ತಮಾಷೆ ಬಿಡು. ಕಾರು ನಿಜವಾಗ್ಲೂ ಬಂತಾ?"

"ಬಂತು. ವೆರೀನಾ ಕಾಣೆಯಾದ ಸಂಜೇನೇ. ಬಿಳೀದು, ಬಾಡಿಗೇದು. ಬೀಜ ಕಂಡುಬಿಟ್ನೇನೋ ಅಂತ ನಾನು ಒಂದ್ ಕೈಯಲ್ಲಿ ಚೀಲ ಅದುಮ್ಕೊಂಡು ಇನ್ನೊಂದು ಕೈ ಬೀಸಿದೆ. ಆ ಶನಿ ಮುಂಡೇದು ಮುಖಾನೂ ತಿರುಗಿಸಲಿಲ್ಲ."

"ಇಷ್ಟು ದಿನ ಬಾಯಿ ಬಿಡಲಿಲ್ಲ ನೀನು!"

"ಅಲೆ ಎಳ್ಕೊಂಡು ಹೋಯ್ತು ಅಂದ್ರಲ್ಲ ಎಲ್ರೂ! ಅಲೆಗೂ ಕಾರಿಗೂ ಏನು ಸಂಬಂಧ ಅನ್ಕೊಂಡೆ. ಕದ್ದ ಬೀಜದ ಕತೆ ಊರಿಗೆ ಹೇಳ್ಕೊಂಡು ತಿರುಗ್ಲಾ?" ಅವಳ ದನಿ ತಟ್ಟನೆ ಕುಗ್ಗಿತು. "ಮೂಗು… ಆ ತಿರುವಲ್ಲಿ ಇದ್ದಿದ್ದು ನಾನು, ಆ ಕಾರು, ಪೈನ್ ಮರಗಳು. ಚೀಲ ಕೋಟೊಳಗಿತ್ತು. ಅದನ್ನ ಇವಳು ಹೆಂಗೆ ಬರೆದ್ಲು?"

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕಾರು ಬಂಡೆಯಿಂದ ಹೊರಟಾಗ ವೆರೀನಾ ನೀರಲ್ಲಿರಬೇಕು. ಕಾರು ಮುದುಕಿಯನ್ನು ದಾಟುವುದನ್ನು ಅವಳು ನೋಡಿದ್ದರೆ, ಆಗ ಅವಳು ನಿಂತಿದ್ದೆಲ್ಲಿ?

"ಸತ್ತೋಳು ಮರದ ಹಿಂದೆ ನಿಂತು ನೋಡಿದ್ದಾಳೆ," ಎಂದು ಚಿಕ್ಕಮ್ಮ ಎದ್ದು ಹೋಗಿ ಕಿಟಕಿ ಮುಚ್ಚಿದಳು. ಹೊರಗೆ ಕಡಲಹಕ್ಕಿಗಳು ಕೂಗಲು ಶುರುಮಾಡಿದ್ದವು. ಈ ಕಾಲದಲ್ಲಿ ಸಂಜೆಯಾದರೆ ಬಿಲಕ್ಕೆ ಮರಳಿ ಎಳೆಮಗು ಅತ್ತ ಹಾಗೆ ಗೋಳಿಡುತ್ತವೆ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಆದರೂ ಅವತ್ತು ಕಿಟಕಿಯ ಚಿಲಕ ಸರಿಯಾಗಿ ಬಿತ್ತೇ ಎಂದು ಎದ್ದು ನೋಡಿದೆ.

ನನ್ನ ಟ್ಯಾಬ್ಲೆಟ್ ಚೀಲಕ್ಕೆ ಹಾಕಿ ಕಾರಿನ ಕೀಲಿ ತೆಗೆದುಕೊಂಡೆ. ಹೆತ್ತ ತಾಯಿಯ ಸಾಕ್ಷಿಗೆ ಸಾರ್ಜೆಂಟ್ ಮೂಗು ಮುರಿಯುತ್ತಾನೆ. ಕಾರು ಓಡಿಸಿದವನ ಬಾಯಿಂದಲೇ ಬರಬೇಕು. ಅವನು ಯಾರೆಂದು ನನಗೆ ಅನುಮಾನವಿತ್ತು. ವೆರೀನಾಳ ಸಿಡ್ನಿ ಪ್ರಕಾಶನದ ಎಡಿಟರ್ ರೆನ್ಶಾ, ಅವಳು ಕಾಣೆಯಾದ ವಾರವೂ ದ್ವೀಪದಲ್ಲಿದ್ದ, ಪುಸ್ತಕ ನಿಲ್ಲಿಸಲು ಎಂದು ಈ ವಾರವೂ ಬಂದು ಜೆಟ್ಟಿಯ ಮೇಲಿನ ಗೆಸ್ಟ್‌ಹೌಸಿನಲ್ಲಿ ಕೂತಿದ್ದ.

ಕ್ಯಾಸ್ಕೇಡ್ ಜೆಟ್ಟಿಗೆ ಇಳಿಯುವ ದಾರಿಯ ಕವಲಿನಲ್ಲಿ ಹಸಿರು ಟ್ರಕ್ಕು ಎದುರಾಯಿತು, ಹಿಂದೆ ದೋಣಿ ಕಟ್ಟಿಕೊಂಡು. ಬೆರಳು ಎದ್ದಿತು. ನನ್ನದೂ ಎದ್ದಿತು. ಇಬ್ಬರೂ ನಿಲ್ಲಿಸಿದೆವು.

"ಎಲ್ಲಿಗಣ್ಣ?"

"ಜೆಟ್ಟೀಲಿ ದೋಣಿ ತೊಳೆದು ಇಡೋಣ ಅಂತ. ನಾಳೆ ಹೋದೋನು ಯಾವಾಗ ಬರ್ತೀನೋ," ಎಂದ ಸೀಬೆಯಣ್ಣ. ನಕ್ಕ, ಆದರೆ ಕಣ್ಣು ಊದಿತ್ತು. ಐವತ್ತು ದಾಟಿದ ಗಂಡಸು ಒಬ್ಬನೇ ಕೂತು ಅತ್ತಿದ್ದ.

"ನೀರಿಗಿಳೀಬೇಡ. ಓಡಿಹೋದ ಅಂತಾನೆ ಸಾರ್ಜೆಂಟ್."

"ಎಲ್ಲಿಗೆ ಓಡ್ಲಿ? ನಮ್ಮೂರಲ್ಲಿ ಓಡಿದ್ರೆ ಒಂದ್ ಸುತ್ತು ಹಾಕಿ ಅಲ್ಲಿಗೇ ಬಂದು ನಿಲ್ಬೇಕು." ಗೇರ್ ಹಾಕಿ ಮತ್ತೆ ತಡೆದ. "ನೀರಿಗಿಳಿಯಲ್ಲ. ಆಣೆ. ಅಮ್ಮನ್ನ ನೋಡ್ಕೋ, ಮೂಗು."

"ನೀನೇ ನೋಡ್ಕೊಳ್ಳುವೆಯಂತೆ, ಹೋಗು," ಎಂದು ಗೇರ್ ಹಾಕಿದೆ.

*

ಗೆಸ್ಟ್‌ಹೌಸಿನ ವರಾಂಡದಿಂದ ಜೆಟ್ಟಿ ಕೆಳಗೆ ಅಂಗೈ ಮೇಲಿಟ್ಟ ಹಾಗೆ ಕಾಣುತ್ತದೆ. ನಮಗೆ ಬಂದರಿಲ್ಲ. ದೋಣಿಗಳನ್ನು ಕ್ರೇನಿಗೆ ಸಿಕ್ಕಿಸಿ ನೀರಿಗೆ ಇಳಿಸಬೇಕು, ಹಾಗೇ ಎತ್ತಬೇಕು. ರೆನ್ಶಾ ಆ ಕಡೆ ಬೆನ್ನು ಹಾಕಿ ಕೂತು ಟೋಸ್ಟಿಗೆ ಬೆಣ್ಣೆ ಹಚ್ಚುತ್ತಿದ್ದ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು.

"ಬನ್ನಿ ಬನ್ನಿ. ನೀವೇ ಅಲ್ವಾ ಹಿಂದೆ ಸಿಡ್ನೀಲಿ ಪುಸ್ತಕದ ಹಕ್ಕುಗಳ ವಿಭಾಗದಲ್ಲಿದ್ದೋರು?" ಎಂದ. "ನೀವಾದ್ರೂ ಹೇಳಿ, ಇದೇನು ಕರ್ಮ? ನಮ್ಮ ಪುಸ್ತಕ, ನಮಗೇ ಕಾಣಲ್ಲ!"

"ನೀವು ಓದಲಿಲ್ವಾ?"

"ಎಲ್ಲಿ ಬಿಡ್ತಾರೆ?" ಫೋನು ತಿರುಗಿಸಿ ತೋರಿಸಿದ. ಅಂಗಡಿಯ ಪುಟದಲ್ಲಿ ವೆರೀನಾಳ ಹೆಸರು, ಅದರ ಕೆಳಗೆ ಬೂದು ಅಕ್ಷರ: ಈ ಪುಸ್ತಕ ನಿಮ್ಮ ದೇಶದಲ್ಲಿ ಲಭ್ಯವಿಲ್ಲ. "ನಾನು ಕೂತಿರೋದು ನಾರ್ಫೋಕಲ್ಲಿ. ಆದ್ರೆ ನನ್ನ ಖಾತೆ ಸಿಡ್ನಿ ವಿಳಾಸದ್ದು. ಪುಸ್ತಕ ಕಣ್ಣ ಮುಂದೆ ಇದೆ, ನನಗೆ ಮಾತ್ರ ಇಲ್ಲ."

ಅದು ನಿಜವೇ. ಸಾರ್ಜೆಂಟನ ಖಾತೆಯೂ ಆಸ್ಟ್ರೇಲಿಯಾದ್ದು. ಪಾಪ, ಬೇಕರಿಯವಳ ಟ್ಯಾಬ್ಲೆಟ್ ಕೇಳಿ ಪಡೆದು ಬನ್ನು ತಿನ್ನುತ್ತಾ ಓದಿದ್ದ.

"ತಪ್ಪು ನಿಮ್ಮ ಕಚೇರೀದೇ," ಎಂದೆ. "ಒಪ್ಪಂದದಲ್ಲಿ ಮಾರಾಟದ ಹಕ್ಕು ಯಾವ್ಯಾವ ದೇಶಕ್ಕೆ ಅಂತ ಒಂದೊಂದಾಗಿ ಬರೆಸ್ಕೊಂಡ್ರಿ. ನಮ್ಮ ದ್ವೀಪ ಆಡಳಿತಕ್ಕೆ ಆಸ್ಟ್ರೇಲಿಯಾ ಆದ್ರೂ, ಪುಸ್ತಕದ ಅಂಗಡಿಗಳ ಲೆಕ್ಕದಲ್ಲಿ ಬೇರೆ ದೇಶ, ಬೇರೆ ಸಂಕೇತ. ಅದನ್ನ ಹಾಕೋದು ಮರೆತ್ರಿ. ಮರೆತಿದ್ದು ಲೇಖಕಿ ಹತ್ರಾನೇ ಉಳೀತು."

ಇದನ್ನು ನಾನು ಒಬ್ಬಳಿಗೆ ಮಾತ್ರ ಹೇಳಿದ್ದೆ. ವೆರೀನಾ ಒಪ್ಪಂದ ತೋರಿಸಿದ ದಿನ ಚಹಾ ಕುಡಿಯುತ್ತಾ, "ನೋಡಿ, ನಿಮ್ಮ ಪ್ರಕಾಶಕರ ಭೂಪಟದಲ್ಲಿ ನಾವು ಮುಳುಗಿಹೋಗಿದ್ದೀವಿ," ಎಂದು ಗೇಲಿ ಮಾಡಿದ್ದೆ. ಅವಳು ನಕ್ಕಿರಲಿಲ್ಲ. ಒಪ್ಪಂದದ ಆ ಪುಟವನ್ನು ಮತ್ತೆ ತೆರೆದು ಓದಿದ್ದಳು.

"ಇರ್ಲಿ ಬಿಡಿ," ಎಂದು ನಾನು ಕುರ್ಚಿ ಎಳೆದುಕೊಂಡೆ. "ಪುಸ್ತಕ ಚೆನ್ನಾಗಿದೆ. ಒಂದು ಜಾಗ ಅಂತೂ ಅದ್ಭುತ. ಕೊಲೆ ಆದ್ಮೇಲೆ ಬರುತ್ತಲ್ಲ? 'ಬಂಡೆಯ ಕಡೆಯಿಂದ ಬಂದ ಹಸಿರು ಟ್ರಕ್ಕು ತಿರುವಿನಲ್ಲಿ ಮುದುಕಿಯನ್ನು ನೋಡಿ ನಿಂತಿತು. ಚಾಲಕ ಅವಸರದಲ್ಲಿ ಕೈ ಬೀಸಿ ಹೋದ.'"

ರೆನ್ಶಾನ ಚಾಕು ಬೆಣ್ಣೆಯಲ್ಲೇ ನಿಂತಿತು. ಅವನ ತುಟಿ ಸಣ್ಣಗೆ ಅಲುಗಿತು. ಎಡಿಟರುಗಳ ಜೊತೆ ಇಪ್ಪತ್ತು ವರ್ಷ ಕೂತೆದ್ದವಳು ನಾನು. ಇವರ ಮನೆಗೆ ಬೆಂಕಿ ಬಿದ್ದರೂ ತಡೆದುಕೊಳ್ಳುತ್ತಾರೆ, ಎದುರಿಗೆ ಒಂದು ಸಾಲನ್ನು ತಪ್ಪಾಗಿ ಹೇಳಿದರೆ ತಡೆದುಕೊಳ್ಳುವುದಿಲ್ಲ.

"'ನೋಡಿ ನಿಂತಿತು' ಅಲ್ಲ, 'ದಾಟಿತು'," ಎಂದ. "'ಅವಸರದಲ್ಲಿ' ಅನ್ನೋದು ಅಲ್ಲಿ ಇಲ್ವೇ ಇಲ್ಲ. 'ಚಾಲಕ ಕೈ ಬೀಸದೆ ಹೋದ.' ಅಷ್ಟೆ."

ಹೇಳಿ ಮುಗಿಸಿದ ಮೇಲೆ ಅವನಿಗೇ ಕೇಳಿಸಿತು.

"ಓದೇ ಇಲ್ಲ ಅಂದ್ರಿ," ಎಂದೆ.

"ಅದು… ಊರೋರು ಮಾತಾಡ್ತಿದ್ರು. ಬೇಕರೀಲಿ."

"ಕೇಳಿದೋನು ಕತೆ ಹೇಳ್ತಾನೆ ರೆನ್ಶಾ ಅವರೇ. ಬರೆದೋನು ಸಾಲು ಹೇಳ್ತಾನೆ." ಅವನ ಫೋನನ್ನು ಮೇಜಿನ ನನ್ನ ಕಡೆಗೆ ಎಳೆದುಕೊಂಡೆ. "ಮುಂಬಾಗಿಲಲ್ಲಿ ನಿಮಗೆ ಬೀಗ ಹಾಕಿದೆ, ಸರಿ. ಹಿತ್ತಲ ಬಾಗಿಲ ಕೀಲಿ ಯಾರ ಹತ್ರ ಇದೆ? ವೆರೀನಾಗೆ ಆ ಅಂಗಡೀಲಿ ಪುಸ್ತಕ ಹಾಕೋ, ತಿದ್ದೋ ಲೇಖಕರ ಖಾತೆ ತೆರೆದುಕೊಟ್ಟಿದ್ದು ಯಾರು? ಅವಳಿಗೆ ಕಂಪ್ಯೂಟರ್ ಅಂದ್ರೆ ಅಲರ್ಜಿ. ಪಾಸ್‌ವರ್ಡ್ ಇಟ್ಟಿದ್ದು ನೀವು."

"ಸಾಕ್ಷಿ?"

"ನಮ್ಮ ಚಿಕ್ಕಮ್ಮನ ಟ್ಯಾಬ್ಲೆಟ್. ಅದರಲ್ಲಿ ಮೊದಲಿನ ಸಾಲು ಹಂಗೇ ಇದೆ. ಬಿಳಿ ಬಾಡಿಗೆ ಕಾರು. ಅದನ್ನ ತೆಗೆದು ಹಸಿರು ಟ್ರಕ್ಕು ಹಾಕಿದ್ರಿ, ಆದ್ರೆ 'ಕೈ ಬೀಸದೆ' ಅನ್ನೋದನ್ನ ಬಿಟ್ಟುಬಿಟ್ರಿ. ಹೊರಗಿನೋರು ನೀವು, ಅದೇನು ಮಹಾ ಅನ್ಕೊಂಡ್ರಿ. ನಮ್ಮಲ್ಲಿ ಗೊಂಬೆಗೆ ಸ್ಟಿಯರಿಂಗ್ ಕೊಟ್ರೂ ಬೆರಳು ಎತ್ತುತ್ತೆ. ಆ ದಾರೀಲಿ ಕಂಡ ಮುದುಕಿ ಯಾರು ಗೊತ್ತಾ? ಅದೇ ಟ್ರಕ್ಕಿನ ಸೀಬೆಯ ಅಮ್ಮ."

ಅವನು ಚಾಕು ಕೆಳಗಿಟ್ಟ. ಕರವಸ್ತ್ರ ತೆಗೆದು ಬೆರಳಿನ ಬೆಣ್ಣೆ ಒರೆಸಿಕೊಂಡ, ಒಂದೊಂದೇ ಬೆರಳು.

"ನಾನು ತಳ್ಳಲಿಲ್ಲ," ಎಂದ.

"ಮತ್ತೆ?"

"ಹಸ್ತಪ್ರತಿ ಕೇಳೋಕೆ ಹೋಗಿದ್ದೆ. ಬಂಡೆ ತುದೀಲಿ ನಿಂತಿದ್ಲು, ಹಳದಿ ರೇನ್‌ಕೋಟು ಹಾಕ್ಕೊಂಡು. ಕೊಡಲ್ಲ ಅಂದ್ಲು. 'ನೀವು ಯಾರೂ ಓದೋಕಾಗದ ಕಡೆ ಇಡ್ತೀನಿ' ಅಂತ ನಕ್ಕಳು. ನಾನು ಬೈದು ಕಾರಿನ ಕಡೆ ತಿರುಗಿದೆ. ಹಿಂದೆ ಮಗು ಅತ್ತ ಹಾಗೆ ಸದ್ದಾಯ್ತು. ತಿರುಗಿ ನೋಡಿದ್ರೆ ಬಂಡೆ ಖಾಲಿ." ಕಣ್ಣು ಮುಚ್ಚಿದ. "ಓಡಿಹೋಗಿ ಕಾರು ಹತ್ತಿದೆ. ಯಾರಿಗೆ ಹೇಳಿದ್ರೂ ನಾನೇ ತಳ್ಳಿದೆ ಅಂತಾರೆ. ಮರುದಿನದ ವಿಮಾನ ಹತ್ತಿ ಹೋದೆ."

"ಆಮೇಲೆ ಪುಸ್ತಕ ಬಂತು."

"ಬಂತು. ಹಿತ್ತಲ ಬಾಗಿಲಿಂದ ಹೋಗಿ ಓದಿದೆ. ನನ್ನ ಕಾರು ಅದರಲ್ಲಿತ್ತು."

"ಅದಕ್ಕೆ ನಮ್ಮಣ್ಣನ ಟ್ರಕ್ಕು ಹಾಕಿದ್ರಿ. ಅವನೇ ಯಾಕೆ? ಅವನು ನಿಮಗೇನು ಮಾಡಿದ್ದ?"

"ಏನೂ ಇಲ್ಲ. ಏರ್‌ಪೋರ್ಟಿಂದ ಬರೋವಾಗ ಮೊದಲು ಕಂಡ ಗಾಡಿ ಅದು."

ಅವನ ಮುಖಕ್ಕೆ ಚಹಾ ಎರಚಬೇಕೆನಿಸಿತು. ಒಬ್ಬ ಮನುಷ್ಯನ ಮಾನ, ಒಬ್ಬ ತಾಯಿಯ ನಿದ್ದೆ, ಎಲ್ಲವನ್ನೂ ಇವನು ಒಂದು ಪದ ಹೊಡೆದು ಇನ್ನೊಂದು ಪದ ಹಾಕಿದ ಹಾಗೆ ತಿದ್ದಿದ್ದ. ಕೈ ಬಿಗಿಹಿಡಿದು ಕೂತೆ. ನನ್ನ ಫೋನು ಜೇಬಿನಲ್ಲಿ ಮೊದಲಿಂದಲೂ ಅವನ ಮಾತು ಮುದ್ರಿಸಿಕೊಳ್ಳುತ್ತಿತ್ತು.

"ಇದನ್ನೆಲ್ಲ ಸಾರ್ಜೆಂಟ್ ಮುಂದೆ ಹೇಳ್ತೀರಿ. ಈಗಲೇ. ಇಲ್ಲಾಂದ್ರೆ ನಾನೇ ಕೇಳಿಸ್ತೀನಿ."

"ಹೇಳ್ತೀನಿ." ಆಶ್ಚರ್ಯವೆಂದರೆ, ಅವನಿಗೆ ನೆಮ್ಮದಿಯಾದ ಹಾಗಿತ್ತು. "ಆದ್ರೆ ಒಂದು ಮಾತು ಕೇಳಿ. ಆ ಪುಸ್ತಕ ಅಂಗಡಿಗೆ ಹಾಕಿದ್ದು ನಾನಲ್ಲ. ನಾನು ಹೋದಾಗ ಅದು ಅಲ್ಲಿತ್ತು. ಎರಡು ಸಲ ತೆಗೆದುಹಾಕಿದೆ. ಎರಡು ಸಲಾನೂ ಬೆಳಗಾಗೋದ್ರೊಳಗೆ ಮತ್ತೆ ಬಂದು ಕೂತಿತ್ತು. ನಾನು ತಿದ್ದಿದ ಬೇರೆ ಎಲ್ಲಾ ಅಲ್ಪವಿರಾಮನೂ ಆಕೆ ವಾಪಸ್ ಸರಿಮಾಡಿದ್ಲು."

"ಆಕೆ?"

"ಆ ಟ್ರಕ್ಕನ್ನ ಮಾತ್ರ ಮುಟ್ಟಲಿಲ್ಲ. ಇರ್ಲಿ ಅಂತ ಬಿಟ್ಲು. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಾಗ್ತಿಲ್ಲ."

ನನ್ನ ಚೀಲದಲ್ಲಿ ಟ್ಯಾಬ್ಲೆಟ್ ಸಣ್ಣಗೆ ಟಿಣ್ ಎಂದಿತು.

ತೆಗೆದು ನೋಡಿದೆ. ವೆರೀನಾಳ ಪುಸ್ತಕದ ಮೇಲೆ ಒಂದು ಗುರುತು: ಹೊಸ ಆವೃತ್ತಿ ಬಂದಿದೆ. ರೆನ್ಶಾನ ಎರಡು ಕೈಗಳೂ ಮೇಜಿನ ಮೇಲಿದ್ದವು. ಅವನ ಫೋನು ನನ್ನ ಮೊಣಕೈ ಕೆಳಗಿತ್ತು.

ಕೊನೆಗೆ ಒಂದು ಅಧ್ಯಾಯ ಸೇರಿತ್ತು, ಅರ್ಧ ಪುಟದ್ದು. ಗಟ್ಟಿಯಾಗಿ ಓದಿದೆ, ಒಬ್ಬಳೇ ಓದಿಕೊಳ್ಳುವ ಧೈರ್ಯ ಬರಲಿಲ್ಲ.

"'ಚಹಾದ ಹೊತ್ತಿಗೆ ಮೂಗು ಎಡಿಟರನ ಎದುರು ಕೂತಿದ್ದಳು. ಅವನು ಬೆರಳಿನ ಬೆಣ್ಣೆ ಒರೆಸಿಕೊಂಡು ನಿಜ ಹೇಳಿದ. ಮೂಗು ಯಾವತ್ತೂ ಹೀಗೆ, ಸರಿಯಾದ ಪ್ರಶ್ನೆಯನ್ನು ತಪ್ಪು ಮನುಷ್ಯನಿಗೆ ಕೇಳುತ್ತಾಳೆ.'"

ರೆನ್ಶಾ ಕರವಸ್ತ್ರವನ್ನು ಹಾವು ಮುಟ್ಟಿದವನ ಹಾಗೆ ಬಿಸಾಡಿದ. ನಾನು ಸುತ್ತ ನೋಡಿದೆ. ವರಾಂಡ ಖಾಲಿ. ಹುಲ್ಲಿನಲ್ಲಿ ಒಂದು ಹಸು. ಅದರಾಚೆ ಪೈನ್ ಮರಗಳ ಸಾಲು, ಮರಗಳ ನಡುವೆ ಕತ್ತಲು.

"ಅದು ಅವಳದೇ ಗದ್ಯ," ಎಂದ ಅವನು. "ಹನ್ನೊಂದು ಪುಸ್ತಕ ತಿದ್ದಿದ್ದೀನಿ ನಾನು. ಆ ಕೊನೇ ಸಾಲನ್ನ ಬೇರೆ ಯಾರೂ ಹಂಗೆ ಮುಗಿಸಲ್ಲ."

ನಾನು ಮುಂದಕ್ಕೆ ಓದಿದೆ.

"'ಅದೇ ಹೊತ್ತಿಗೆ ಕೆಳಗೆ ಕ್ರೇನು ದೋಣಿಯನ್ನು ನೀರಿಗಿಳಿಸಿತು. ದೋಣಿಯವನು ಆಣೆ ಇಟ್ಟಿದ್ದ. ಆದರೆ ಕಡಲಿಂದ ಎದ್ದು ಬಂದವರು ಕರೆದರೆ ಯಾರು ಹೋಗುವುದಿಲ್ಲ? ಇಬ್ಬರೂ ಹತ್ತಿದರು. ಕತ್ತಲಾಗುವ ಮೊದಲು ದೋಣಿ ಮರಳಿತು. ಅದರಲ್ಲಿ ಒಬ್ಬರೇ ಇದ್ದರು.'"

ಕುರ್ಚಿ ಬಿದ್ದ ಸದ್ದು ಕೇಳಿಸಿತು, ಬೀಳಿಸಿದ್ದು ನಾನೇ. ವರಾಂಡದ ಕಂಬಿಗೆ ಹೋಗಿ ಬಗ್ಗಿದೆ. ಹಸಿರು ಟ್ರಕ್ಕು ಜೆಟ್ಟಿಯ ತುದಿಯಲ್ಲಿ ಬಾಗಿಲು ತೆರೆದು ನಿಂತಿತ್ತು. ಹಿಂದಿನ ಟ್ರೇಲರ್ ಖಾಲಿ. ಕ್ರೇನಿನ ಕೊಕ್ಕೆ ಗಾಳಿಗೆ ತೂಗಾಡುತ್ತಿತ್ತು.

"ಸಾರ್ಜೆಂಟ್‌ಗೆ ಫೋನ್ ಮಾಡ್ರೀ!" ಎಂದು ಕೂಗಿ ರೆನ್ಶಾನ ಕಡೆ ಅವನ ಫೋನು ಎಸೆದು, ಇಳಿಜಾರಿನಲ್ಲಿ ಓಡಿದೆ. ಕಾರು ಹತ್ತುವ ಬುದ್ಧಿಯೂ ಬರಲಿಲ್ಲ. ಹಕ್ಕಿಗಳು ತಲೆಯ ಮೇಲೆಲ್ಲ ಗೋಳಿಡುತ್ತಿದ್ದವು. ಅಣ್ಣನನ್ನು ಬಿಡಿಸುವ ಮಾತು ನನ್ನ ಜೇಬಿನಲ್ಲಿತ್ತು. ಬಿಡಿಸಿಕೊಳ್ಳಬೇಕಾದ ಅಣ್ಣನೇ ನೀರಿನ ಮೇಲಿದ್ದ. ಅವನೇ ಯಾಕೆ ಎಂದು ನಾನು ಕೇಳಬೇಕಿದ್ದದ್ದು ರೆನ್ಶಾನನ್ನಲ್ಲ, ಆ ಟ್ರಕ್ಕನ್ನು ಬೇಕೆಂದೇ ಉಳಿಸಿದವಳನ್ನು.

ಜೆಟ್ಟಿಯ ತುದಿಗೆ ಬಂದು ನಿಂತಾಗ ಉಸಿರು ಕಟ್ಟಿತ್ತು. ದೋಣಿ ಬಹಳ ದೂರ ಹೋಗಿರಲಿಲ್ಲ. ಎಂಜಿನ್ ಹತ್ತಿರ ಸೀಬೆಯಣ್ಣನ ಅಗಲ ಬೆನ್ನು. ಅವನ ಎದುರಿಗೆ, ನಮ್ಮ ಕಡೆ ಮುಖ ಮಾಡಿ, ಇನ್ನೊಬ್ಬರು. ಹಳದಿ ರೇನ್‌ಕೋಟು. ಟೋಪಿ ಮುಖದ ಮೇಲೆ ಇಳಿದಿತ್ತು.

"ಅಣ್ಣಾ! ತಿರುಗ್ಸೋ! ಬಾರೋ ವಾಪಸ್ಸು!"

ಎಂಜಿನ್ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಹಳದಿ ಕೋಟಿನವರಿಗೆ ಕೇಳಿಸಿತು. ಬಲಗೈ ನಿಧಾನವಾಗಿ ಮೇಲೆದ್ದಿತು. ಅಂಗೈ ಪೂರ್ತಿ ಬಿಡಿಸಿ, ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ, ಕಾಣದ ಗಾಜೊಂದನ್ನು ಒರೆಸಿತು.

ಆಗ ನೋಡಿಕೊಂಡೆ, ನನಗೇ ಗೊತ್ತಿಲ್ಲದೆ ನಾನೂ ಕೈ ಬೀಸುತ್ತಿದ್ದೆ.